ಪ್ಯಾಲೆಸ್ಟೈನಿನ ಪಾಠ

ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುಹಾದಿಯಲ್ಲಿ ಯಲವಿಗಿ ಒಂದು ಚಿಕ್ಕ ನಿಲ್ದಾಣ. ವೇಗದ ಗಾಡಿಯಲ್ಲಿ ಕುಳಿತವರು ಹಲಗೆಯ ಮೇಲಿನ ಹೆಸರನ್ನು ಓದಿ ಮುಗಿಸುವುದರೊಳಗೆ ಅದು ಹಿಂದೆ ಸರಿದಿರುತ್ತದೆ. ಸುತ್ತಲೂ ಹತ್ತಿ, ಗೋವಿನಜೋಳದ ಹೊಲಗಳು. ಕೆಲವೇ ಮೈಲಿಗಳಾಚೆ ನವಾಬರ ಸವಣೂರು. 2023ರ ನವೆಂಬರಿನಲ್ಲಿ ನಾನು ಆ ನಿಲ್ದಾಣದಲ್ಲಿ ಇಳಿದದ್ದು ಸ್ವಲ್ಪ ವಿಚಿತ್ರವೆನಿಸುವ ಕಾರಣಕ್ಕಾಗಿ. ಅಲ್ಲಿಯ ಹುಡುಗರಿಗೆ ಪ್ಯಾಲೆಸ್ಟೈನಿನ ಇತಿಹಾಸವನ್ನು ಹೇಳಬೇಕಾಗಿತ್ತು.

ನನ್ನನ್ನು ಕರೆಸಿಕೊಂಡವರು ಆ ಭಾಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರರು. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದವರು. ಹತ್ತನೆಯ ಇಯತ್ತೆಯಲ್ಲಿ ಮೊದಲನೆಯ ಮಹಾಯುದ್ಧದ ಪಾಠ ನಡೆದಿತ್ತಂತೆ. ತುರ್ಕಿಯ ಸಾಮ್ರಾಜ್ಯ ಒಡೆದು ಹೋದ ಸಂಗತಿ ಬಂದಾಗ ಹುಡುಗನೊಬ್ಬ ಎದ್ದು ನಿಂತು, “ಸರ, ಈಗ ಗಾಜಾದಾಗ ಯುದ್ಧ ನಡದೈತಿ ಅಲ್ರಿ, ಅದರಾಗ ನಾವು ಯಾರ ಕಡೆ ಅದೀವ್ರಿ?” ಎಂದು ಕೇಳಿದನಂತೆ. ಕೆಲವರು ನಕ್ಕರು. ಒಬ್ಬಿಬ್ಬರು ಕೂಗಿಯೇ ಉತ್ತರ ಹೇಳಿದರು. ಎರಡನೆಯ ಸಾಲಿನ ಬೆಂಚಿನಲ್ಲಿ ಕುಳಿತ ಮೂವರು ಮಾತ್ರ ತಲೆ ಎತ್ತಲಿಲ್ಲ. ಆ ಬೆಂಚು ಬಿಟ್ಟು ಆ ಮೂವರನ್ನು ಬೇರೆ ಕೂಡ್ರಿಸೆಂದು ಮರುದಿನ ಒಬ್ಬ ಹುಡುಗ ಬಂದು ಕೇಳಿದಾಗ ಮಾಸ್ತರರಿಗೆ ಆತಂಕವಾಯಿತು. “ಉತ್ತರ ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ, ನೀವೇ ಬರ್ರಿ” ಎಂದು ದೂರವಾಣಿಯಲ್ಲಿ ಹೇಳಿದರು.

ವಾಚಕರು ಈ ಪ್ರಸಂಗವನ್ನು ಹಗುರಾಗಿ ಎಣಿಸಬಾರದು. ಮೂರು ಸಾವಿರ ಮೈಲಿಗಳಾಚೆ ನಡೆದ ಜಗಳವೊಂದು ಸವಣೂರು ಸೀಮೆಯ ಒಂದು ಬೆಂಚನ್ನು ಎರಡಾಗಿ ಮಾಡಲು ಹೊರಟಿತ್ತು. ಹುಡುಗರ ಕೈಯಲ್ಲಿ ಮೊಬೈಲುಗಳಿವೆ. ಆ ಯುದ್ಧದ ಚಿತ್ರಗಳು ಅವರಿಗೆ ಪಾಠಕ್ಕಿಂತ ಮೊದಲೇ ಮುಟ್ಟುತ್ತವೆ. ಚಿತ್ರದ ಜೊತೆಗೆ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ತೀರ್ಪೂ ಸಿದ್ಧವಾಗಿಯೇ ಬರುತ್ತದೆ. ತೀರ್ಪು ಮೊದಲು ಬಂದು ಸಾಕ್ಷಿ ಕೊನೆಗೂ ಬಾರದಿದ್ದರೆ ಅದನ್ನು ನ್ಯಾಯವೆಂದು ಯಾರೂ ಒಪ್ಪಲಾರರು. ಇತಿಹಾಸದಲ್ಲಿ ಮಾತ್ರ ನಾವು ಅದನ್ನು ಸಹಿಸಿಕೊಂಡಿದ್ದೇವೆ.

ಇಂಥ ವೇಳೆಯಲ್ಲಿ ಮಾಸ್ತರರಾದವರಿಗೆ ಎರಡು ಸುಲಭದ ಹಾದಿಗಳಿವೆ. ಒಂದು, “ಅದು ನಿಮ್ಮ ಪರೀಕ್ಷೆಗಿಲ್ಲ, ಕೂಡ್ರಿ” ಎಂದು ಬಾಯಿ ಮುಚ್ಚಿಸುವುದು. ಎರಡು, ತಮಗೆ ಸರಿಕಂಡ ಪಕ್ಷವನ್ನು ಹೇಳಿ ಮುಗಿಸುವುದು. ಮೊದಲನೆಯದರಿಂದ ಹುಡುಗರು ಮೊಬೈಲಿನ ಪಾಲಾಗುತ್ತಾರೆ. ಎರಡನೆಯದರಿಂದ ಮಾಸ್ತರರೇ ಇನ್ನೊಂದು ಮೊಬೈಲಾಗುತ್ತಾರೆ. ಮೂರನೆಯ ಹಾದಿ ದೂರದ್ದು. ನಡೆಯಲು ಮೂರು ದಿನ ಬೇಕಾಯಿತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯ ದಿನ ನಾನು ಪ್ಯಾಲೆಸ್ಟೈನಿನ ಹೆಸರನ್ನು ಎತ್ತಲಿಲ್ಲ, ಸವಣೂರಿನ ಮಾತೆತ್ತಿದೆ. ಹುಡುಗರ ಮನಸ್ಸಿನಲ್ಲಿ ಒಂದು ಲೆಕ್ಕ ಕುಳಿತಿತ್ತು: ಜಗಳವೆಂದರೆ ಧರ್ಮದ ಜಗಳ, ಒಂದು ಧರ್ಮದವರೆಲ್ಲ ಒಂದು ಕಡೆ, ಇನ್ನೊಂದು ಧರ್ಮದವರೆಲ್ಲ ಇನ್ನೊಂದು ಕಡೆ. ಆ ಲೆಕ್ಕ ಅವರ ಸ್ವಂತ ಊರಿನ ಇತಿಹಾಸಕ್ಕಾದರೂ ಹೊಂದುತ್ತದೆಯೇ ನೋಡೋಣವೆಂದೆ. ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನು ಹೈದರನಿಗೆ ಬೀಗನಾದವನು. ಹೈದರನ ಮಗಳನ್ನು ನವಾಬನ ಹಿರಿಯ ಮಗನಿಗೆ ಕೊಟ್ಟಿತ್ತು. ಆದರೆ 1786ರಲ್ಲಿ ಟೀಪು ಸುಲ್ತಾನನಿಗೂ ಮರಾಠರಿಗೂ ಯುದ್ಧ ನಡೆದಾಗ ಈ ನವಾಬನು ನಿಂತದ್ದು ಮರಾಠರ ಕಡೆಗೆ. ಹೈದರಾಬಾದಿನ ನಿಜಾಮನೂ ಆಗ ಮರಾಠರ ಜೊತೆಯಲ್ಲಿದ್ದನು. ಟೀಪು ಸವಣೂರನ್ನು ಹಿಡಿದನು. ನವಾಬನು ಊರು ಬಿಟ್ಟು ಮರಾಠರ ಪಾಳೆಯ ಸೇರಿದನು.

“ಇದರಾಗ ಯಾರು ಯಾರ ಕಡೆ?” ಎಂದು ಕೇಳಿದೆ. ತರಗತಿ ಸುಮ್ಮನಾಯಿತು. ಧರ್ಮದ ಲೆಕ್ಕ ಅಲ್ಲಿ ಹರಿಯಲಿಲ್ಲ. ಬೀಗತನದ ಲೆಕ್ಕವೂ ಹರಿಯಲಿಲ್ಲ. ಕಪ್ಪಕಾಣಿಕೆ, ಗಡಿ, ಭಯ, ಹಳೆಯ ಬಾಕಿ — ಇವನ್ನೆಲ್ಲ ಕೂಡಿಸಿದಾಗ ಮಾತ್ರ ಅರ್ಥವಾಗುವ ಯುದ್ಧ ಅದು. ತಮ್ಮ ಊರಿನ ಜಗಳವೇ ಇಷ್ಟು ತೊಡಕಿನದಾದರೆ ಪರದೇಶದ ಜಗಳ ಸರಳವಿದ್ದೀತೇ ಎಂಬ ಸಂಶಯ ಹುಟ್ಟಿತಲ್ಲ, ಅಷ್ಟು ಸಾಕಾಗಿತ್ತು.

ಆ ಮೇಲೆ ಒಂದು ಕುದುರೆಯ ಸವಾರಿಯ ಕಥೆ ಹೇಳಿದೆ. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನದ ಭರ್ಜಿಯ ಸವಾರರನ್ನು, ಎಂದರೆ ಮೈಸೂರು ಲ್ಯಾನ್ಸರ್ಸ್ ದಳವನ್ನು, ಬ್ರಿಟಿಷ್ ಸರ್ಕಾರವು ಈಜಿಪ್ತಿಗೆ ಸಾಗಿಸಿತು. ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಸವಾರರೂ ಅವರ ಜೊತೆಗೆ ಒಂದೇ ಬ್ರಿಗೇಡಿನಲ್ಲಿದ್ದರು. ಮೊದಲು ಸೂಯೆಜ್ ಕಾಲುವೆಯ ಕಾವಲು. ನಂತರ ತುರ್ಕಿಯ ಸೈನ್ಯವನ್ನು ಹಿಂದಕ್ಕೆ ನೂಕುತ್ತ ಪ್ಯಾಲೆಸ್ಟೈನಿನ ಒಳಕ್ಕೆ. 1517ರಿಂದ ನಾಲ್ಕು ನೂರು ವರ್ಷ ತುರ್ಕರ ಆಳಿಕೆಯಲ್ಲಿದ್ದ ನಾಡು ಅದು. 1917ರ ಡಿಸೆಂಬರಿನಲ್ಲಿ ಜೆರೂಸಲೆಮ್ ಪಟ್ಟಣ ಬ್ರಿಟಿಷರ ವಶವಾಯಿತು. 1918ರ ಸೆಪ್ಟೆಂಬರ್ 23ರಂದು ಸಮುದ್ರ ತೀರದ ಹೈಫಾ ಪಟ್ಟಣದ ಸರದಿ ಬಂತು.

ಒಂದು ಬದಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಬದಿಗೆ ಕಿಶೋನ್ ನದಿಯ ಜೌಗು. ನಡುವೆ ಇಕ್ಕಟ್ಟಿನ ದಾರಿ. ಬೆಟ್ಟದ ಮೇಲೆ ಫಿರಂಗಿಗಳು, ಕೆಳಗೆ ಮಷೀನ್ ಗನ್ನುಗಳು. ಮೈಸೂರಿನ ಒಂದು ತುಕಡಿ ಬೆಟ್ಟವನ್ನು ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿತು. ಜೋಧಪುರದವರು ಬಯಲಿನಿಂದ ನುಗ್ಗಿ ಊರೊಳಗೆ ಹೊಕ್ಕರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಬಿದ್ದನು. ಸಂಜೆಯೊಳಗೆ 1,350 ಮಂದಿ ತುರ್ಕಿ, ಜರ್ಮನ್ ಸೈನಿಕರು ಸೆರೆಯಾದರು. ಗೆದ್ದವರಲ್ಲಿ ಸತ್ತವರು ಎಂಟು ಜನ, ಗಾಯಗೊಂಡವರು 34. ಸತ್ತ ಕುದುರೆಗಳು ಅರವತ್ತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಆ ದಳದ ಸ್ಮಾರಕವಿದೆ. ದಿಲ್ಲಿಯ ತೀನ್ ಮೂರ್ತಿಯ ಮೂವರು ಸವಾರರು ಮೈಸೂರು, ಜೋಧಪುರ, ಹೈದರಾಬಾದಿನ ಆ ಸೈನಿಕರೇ. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನು ಸೇರಿಸಲಾಯಿತು.

ಹುಡುಗರ ಕಣ್ಣು ಅರಳಿದ್ದವು. ಗೆದ್ದ ಕಥೆ ಯಾರಿಗೆ ಬೇಡ? ಆದರೆ ಕಿಟಕಿಯ ಬದಿಯಲ್ಲಿ ಕುಳಿತ ಹುಡುಗಿಯೊಬ್ಬಳು ಕೇಳಿದಳು: “ಸರ, ಆ ಮೈಸೂರಿನ ಸವಾರರಿಗೆ ನೀವು ಯಾರ ಕಡೆ ಅಂತ ಯಾರರೆ ಕೇಳಿದ್ರೇನ್ರಿ?” ಇಲ್ಲ, ತಂಗಿ, ಯಾರೂ ಕೇಳಲಿಲ್ಲ. ಆ ದಳದಲ್ಲಿ ಹಿಂದುಗಳಿದ್ದರು, ಮುಸಲ್ಮಾನರಿದ್ದರು. ಎದುರಿಗಿದ್ದ ತುರ್ಕಿಯ ಸುಲ್ತಾನನು ಮುಸಲ್ಮಾನರ ಖಲೀಫನೆನಿಸಿಕೊಂಡವನು. ಅವರು ಯಾರ ನಾಡಿಗಾಗಿ ಯಾರ ಮೇಲೆ ಕಾದಿದರು ಎಂಬುದನ್ನು ತೀರ್ಮಾನಿಸಿದವರು ಲಂಡನ್ನಿನಲ್ಲಿ ಕುಳಿತಿದ್ದರು. ಅವರು ಬೆಟ್ಟ ಹತ್ತುವ ವೇಳೆಗಾಗಲೇ ಆ ನಾಡಿನ ವಿಷಯದಲ್ಲಿ ಲಂಡನ್ನು ಒಂದಕ್ಕೊಂದು ಹೊಂದದ ಮೂರು ಮಾತುಗಳನ್ನು ಕೊಟ್ಟಾಗಿತ್ತು.

ಎರಡನೆಯ ದಿನದ ಪಾಠ ಆ ಮೂರು ಮಾತುಗಳದು. 1915–16ರಲ್ಲಿ ಈಜಿಪ್ತಿನ ಬ್ರಿಟಿಷ್ ಅಧಿಕಾರಿ ಮ್ಯಾಕ್‌ಮಹೋನನು ಮೆಕ್ಕೆಯ ಶರೀಫ ಹುಸೇನನಿಗೆ ಪತ್ರ ಬರೆದು, ತುರ್ಕರ ವಿರುದ್ಧ ಎದ್ದರೆ ಅರಬರ ಸ್ವಾತಂತ್ರ್ಯಕ್ಕೆ ಬೆಂಬಲ ಕೊಡುವೆವೆಂದು ಒಪ್ಪಿದನು. ಪ್ಯಾಲೆಸ್ಟೈನ್ ಅದರಲ್ಲಿ ಸೇರಿತ್ತೇ ಇಲ್ಲವೇ ಎಂಬ ವಾದ ಅಂದಿನಿಂದ ಇಂದಿನವರೆಗೂ ತೀರಿಲ್ಲ. 1916ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಅರಬರ ಸೀಮೆಯನ್ನು ತಮ್ಮೊಳಗೆ ಹಂಚಿಕೊಂಡವು. 1917ರ ನವೆಂಬರ್ 2ರಂದು ವಿದೇಶ ಮಂತ್ರಿ ಬಾಲ್ಫೋರನು ಲಾರ್ಡ್ ರಾತ್ಸ್‌ಚೈಲ್ಡನಿಗೆ ಬರೆದ ಚಿಕ್ಕ ಪತ್ರದಲ್ಲಿ ಯೆಹೂದ್ಯರಿಗೆ ಪ್ಯಾಲೆಸ್ಟೈನಿನಲ್ಲಿ ರಾಷ್ಟ್ರೀಯ ನೆಲೆಯೊಂದನ್ನು ಕಟ್ಟಿಕೊಡಲು ಬ್ರಿಟನ್ ಯತ್ನಿಸುವುದೆಂದೂ, ಅಲ್ಲಿರುವ ಇತರರ ನಾಗರಿಕ ಮತ್ತು ಧಾರ್ಮಿಕ ಹಕ್ಕುಗಳಿಗೆ ಬಾಧೆಯಾಗಕೂಡದೆಂದೂ ಸಾರಿದನು. ‘ಇತರರು’ ಎಂದರೆ ಆಗ ಆ ನಾಡಿನ ಹತ್ತರಲ್ಲಿ ಒಂಬತ್ತು ಪಾಲಿನ ಜನ. ಅವರ ರಾಜಕೀಯ ಹಕ್ಕುಗಳ ಮಾತು ಆ ಪತ್ರದಲ್ಲಿ ಇಲ್ಲ.

ನಮ್ಮ ಇತಿಹಾಸ ಪುಸ್ತಕಗಳಲ್ಲಿ ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಪಾಠವಿದೆ. ಭಾರತಕ್ಕೆ ಕ್ರಮೇಣ ಜವಾಬ್ದಾರಿ ಸರ್ಕಾರ ಕೊಡುವೆವೆಂದು 1917ರ ಆಗಸ್ಟ್ 20ರಂದು ಸಾರಿದ ಭಾರತ ಮಂತ್ರಿ ಎಡ್ವಿನ್ ಮಾಂಟೆಗು ಸ್ವತಃ ಯೆಹೂದಿ. ಅದೇ ಆಗಸ್ಟ್ ತಿಂಗಳಲ್ಲಿ ಆತನು ಬಾಲ್ಫೋರನ ಯೋಜನೆಯನ್ನು ಕಟುವಾಗಿ ವಿರೋಧಿಸಿ ಒಂದು ಟಿಪ್ಪಣಿಯನ್ನು ಸರ್ಕಾರಕ್ಕೆ ಬರೆದನು. ಯೆಹೂದ್ಯರಿಗೆ ಬೇರೆ ನಾಡೆಂದು ಒಂದನ್ನು ಮಾಡಿದರೆ, ಅವರು ಹುಟ್ಟಿ ಬೆಳೆದ ದೇಶಗಳೆಲ್ಲ ಅವರನ್ನು ಪರಕೀಯರೆಂದು ಕಾಣುವವು ಎಂಬುದು ಆತನ ವಾದ. ಒಂದು ಜನದ ಎಲ್ಲರೂ ಒಂದೇ ಮಾತಿನವರೆಂದು ತಿಳಿಯುವ ಹುಡುಗರಿಗೆ ಈ ಸಂಗತಿ ಬಹಳ ಕೆಲಸ ಮಾಡಿತು.

ಇಷ್ಟಾದರೂ ಯೆಹೂದ್ಯರು ಅಲ್ಲಿಗೇ ಏಕೆ ಹೋದರು? ಅದನ್ನು ಹೇಳದೆ ಮುಂದಿನದನ್ನು ಹೇಳುವುದು ಅನ್ಯಾಯ. ಆ ನೆಲ ಅವರ ಪೂರ್ವಜರ ನೆಲ. ಎರಡು ಸಾವಿರ ವರ್ಷಗಳ ಪ್ರಾರ್ಥನೆಯಲ್ಲಿ ಜೆರೂಸಲೆಮಿನ ಹೆಸರು ಬಿಟ್ಟಿಲ್ಲ. 1881ರಿಂದ ರಷ್ಯದಲ್ಲಿ ಅವರ ಮನೆಮಠಗಳ ಮೇಲೆ ದಾಳಿಗಳಾದವು. ಸುಶಿಕ್ಷಿತವಾದ ಫ್ರಾನ್ಸಿನಲ್ಲಿಯೂ 1894ರಲ್ಲಿ ಡ್ರೇಫಸ್ ಎಂಬ ನಿರಪರಾಧಿ ಯೆಹೂದಿ ಅಧಿಕಾರಿಯನ್ನು ದೇಶದ್ರೋಹಿಯೆಂದು ಶಿಕ್ಷಿಸಲಾಯಿತು. 1897ರಲ್ಲಿ ಹರ್ಝಲನ ನೇತೃತ್ವದಲ್ಲಿ ಬಾಸೆಲ್ ಪಟ್ಟಣದಲ್ಲಿ ಜಿಯೋನಿಸ್ಟರ ಮೊದಲನೆಯ ಮಹಾಸಭೆ ಕೂಡಿತು. ಹಿಟ್ಲರನ ಕಾಲಕ್ಕೆ, 1938ರಲ್ಲಿ ಎವಿಯಾನ್ ಎಂಬಲ್ಲಿ ಮೂವತ್ತೆರಡು ದೇಶಗಳ ಪ್ರತಿನಿಧಿಗಳು ಕುಳಿತು ಮರುಗಿದರು. ಬಾಗಿಲು ತೆರೆದವರು ಇಲ್ಲವೆನ್ನುವಷ್ಟು ಕಡಿಮೆ. ನಂತರ ಅರವತ್ತು ಲಕ್ಷ ಯೆಹೂದ್ಯರ ಕೊಲೆಯಾಯಿತು. ಹೋಗಲು ಇನ್ನೊಂದು ಜಾಗವಿಲ್ಲದವರಿಗೆ ಪ್ಯಾಲೆಸ್ಟೈನ್ ಕೇವಲ ಒಂದು ವಾದವಾಗಿರಲಿಲ್ಲ.

ಆದರೆ ಆ ನೆಲ ಬರಿದಾಗಿರಲಿಲ್ಲ. ಕರಿಹಲಗೆಯ ಮೇಲೆ ಎರಡು ವರ್ಷಗಳ ಜನಸಂಖ್ಯೆಯ ಅಂಕಿಗಳನ್ನು ಬರೆದೆ. 1922ರಲ್ಲಿ ಒಟ್ಟು ಜನ ಸುಮಾರು 7,57,000. ಅವರಲ್ಲಿ ಮುಸಲ್ಮಾನರು 5,91,000, ಯೆಹೂದ್ಯರು 84,000, ಕ್ರೈಸ್ತರು 73,000. ಪ್ಯಾಲೆಸ್ಟೈನಿನ ಅರಬರೆಂದರೆ ಮುಸಲ್ಮಾನರು ಮಾತ್ರವಲ್ಲ ಎಂಬುದನ್ನು ಹುಡುಗರು ಆ ಹಲಗೆಯಿಂದ ತಾವೇ ಓದಿಕೊಂಡರು. 1946ರ ಹೊತ್ತಿಗೆ ಒಟ್ಟು ಸಂಖ್ಯೆ ಸುಮಾರು ಹದಿನೆಂಟೂವರೆ ಲಕ್ಷ. ಯೆಹೂದ್ಯರು ಆರು ಲಕ್ಷ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂಬತ್ತರಲ್ಲಿ ಒಬ್ಬರಿದ್ದವರು ಮೂವರಲ್ಲಿ ಒಬ್ಬರಾದರು. ತಮ್ಮ ಊರಿನಲ್ಲಿ, ತಮ್ಮನ್ನು ಕೇಳದೆ, ಪರಸರ್ಕಾರದ ಆಸರೆಯಲ್ಲಿ ನಡೆದ ಈ ಬದಲಾವಣೆಯನ್ನು ಅರಬರು ಹೇಗೆ ಕಂಡಾರು ಎಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ. 1929ರ ಗಲಭೆಯಲ್ಲಿ ಹೆಬ್ರಾನ್ ಊರಿನ 67 ಜನ ಯೆಹೂದ್ಯರು ಹತರಾದರು. 1936ರಿಂದ 1939ರವರೆಗೆ ಅರಬರ ಬಂಡಾಯ ನಡೆಯಿತು. ಬ್ರಿಟಿಷರು ಅದನ್ನು ಕಠೋರವಾಗಿ ಮುರಿದರು.

ಮೂರನೆಯ ದಿನ ನೋಟುಪುಸ್ತಕದ ಒಂದು ಪುಟವನ್ನು ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಪಾಲು ಮಾಡಿರೆಂದು ಹುಡುಗರಿಗೆ ಹೇಳಿದೆ. ಇದು ನನ್ನ ಯುಕ್ತಿಯಲ್ಲ. ಹೈಫಾದಲ್ಲಿ 1938ರಲ್ಲಿ ಹುಟ್ಟಿದ ಇಸ್ರೇಲಿನ ಮನಶ್ಶಾಸ್ತ್ರಜ್ಞ ದಾನ್ ಬಾರ್-ಓನ್, ಬೆತ್ಲೆಹೆಮ್ ವಿಶ್ವವಿದ್ಯಾಲಯದ ಶಿಕ್ಷಣಶಾಸ್ತ್ರಜ್ಞ ಸಾಮಿ ಅದ್ವಾನ್ — ಇವರಿಬ್ಬರ ಯುಕ್ತಿ. 2002ರ ಸುಮಾರಿಗೆ, ಎರಡೂ ಕಡೆ ರಕ್ತ ಹರಿಯುತ್ತಿದ್ದಾಗ, ಎರಡು ಜನಗಳ ಹೈಸ್ಕೂಲು ಮಾಸ್ತರರನ್ನು ಕೂಡಿಸಿ ಅವರು ಪಾಠದ ಪುಸ್ತಕವೊಂದನ್ನು ಬರೆಸತೊಡಗಿದರು. ಪುಟದ ಒಂದು ಬದಿಗೆ ಇಸ್ರೇಲಿನವರು ಹೇಳುವ ಕಥೆ. ಇನ್ನೊಂದು ಬದಿಗೆ ಪ್ಯಾಲೆಸ್ಟೈನಿನವರು ಹೇಳುವ ಕಥೆ. ನಡುವಿನ ಪಾಲು ಖಾಲಿ. ಅಲ್ಲಿ ಬರೆಯಬೇಕಾದವರು ವಿದ್ಯಾರ್ಥಿಗಳು. ಎರಡು ಕಥೆಗಳನ್ನು ಬೆರೆಸಿ ಒಂದು ಮಾಡಲು ಆಗದು. ಆಗದು ಎಂಬುದನ್ನೇ ಪುಸ್ತಕದ ಆಕಾರ ಮಾಡಿದರು. ಎರಡು ಸರ್ಕಾರಗಳೂ ಅದನ್ನು ತಮ್ಮ ಪಠ್ಯವೆಂದು ಒಪ್ಪಲಿಲ್ಲ. ಬಾರ್-ಓನ್ 2008ರಲ್ಲಿ ತೀರಿಕೊಂಡರು.

ಎರಡು ಕಥೆಗಳೆಂದರೇನು ಎಂಬುದು ತಿಳಿಯಲು ಮತ್ತೆ ನಮ್ಮ ಸೀಮೆಗೆ ಬಂದೆ. ಯಲವಿಗಿಯಿಂದ ರೈಲು ಹತ್ತಿದರೆ ಹಾವೇರಿಯ ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ಗಾಂಧೀಜಿಯ ದಂಡಿಯಾತ್ರೆಯಲ್ಲಿ ನಡೆದ ಮೋಟೆಬೆನ್ನೂರಿನ ಆ ತರುಣ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕಂದಾಯದ ಖಜಾನೆಯ ಮೇಲೆ ಏರಿಹೋದಾಗ, ಗುಂಡಿಗೆ ಬಲಿಯಾದರು. ಅಂದಿನ ಸರ್ಕಾರದ ಕಣ್ಣಿಗೆ ಅವರು ದಂಗೆಕೋರರು; ನಮಗೆ ಹುತಾತ್ಮರು. ದಿನಾಂಕ ಒಂದೇ, ಊರು ಒಂದೇ, ಬಿದ್ದ ದೇಹ ಒಂದೇ. ಹೆಸರು ಮಾತ್ರ ಎರಡು. “ಹಂಗಾರ ಎರಡೂ ಖರೇ ಏನ್ರಿ?” ಎಂದೊಬ್ಬ ಕೇಳಿದ. ಅಲ್ಲ, ತಮ್ಮಾ. ಘಟನೆ ಎರಡಾಗುವುದಿಲ್ಲ. ಅದಕ್ಕೆ ಕೊಡುವ ಹೆಸರು ಎರಡಾಗುತ್ತದೆ. ಯಾವ ಹೆಸರು ಏಕೆ ಹುಟ್ಟಿತೆಂದು ತಿಳಿದ ಮೇಲೆ ಯಾವುದು ನ್ಯಾಯವೆಂದು ಆಲೋಚಿಸುವ ಹಕ್ಕು ನಿನ್ನದು.

ಹೋಲಿಕೆಯ ಮಾತು ಬಂದಾಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಹಾದೇವಪ್ಪನವರನ್ನು ಅಲ್ಲಿಯ ಯಾರಿಗೂ ಹೋಲಿಸುವುದಕ್ಕಾಗಿ ನಾನು ಈ ಉದಾಹರಣೆಯನ್ನು ತರಲಿಲ್ಲ. ಪರಿಚಯದ ಊರು ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ. ಒಳಗೆ ಹೊಕ್ಕ ಮೇಲೆ ಅಲ್ಲಿಯ ಮನೆಯನ್ನೇ ನೋಡಬೇಕು. ನಮ್ಮ ಹಿಂದು–ಮುಸಲ್ಮಾನರ ವ್ಯಾಜ್ಯವನ್ನು ಹೊತ್ತುಕೊಂಡು ಒಳಗೆ ಹೋದವನು ಅಲ್ಲಿ ಕಾಣುವುದು ಅದನ್ನೇ.

ಆಮೇಲೆ 1947. ವಿಶ್ವಸಂಸ್ಥೆಯು ಹನ್ನೊಂದು ರಾಷ್ಟ್ರಗಳ ಸಮಿತಿಯೊಂದನ್ನು ನೇಮಿಸಿತು. ಭಾರತದಿಂದ ಹೋದವರು ಲಾಹೋರ್ ಹೈಕೋರ್ಟಿನ ನ್ಯಾಯಾಧೀಶ ಸರ್ ಅಬ್ದುರ್ ರಹಮಾನ್. ಸಮಿತಿಯ ಬಹುಮತ ನಾಡನ್ನು ಒಡೆಯಬೇಕೆಂದಿತು. ಭಾರತ, ಇರಾನ್, ಯುಗೊಸ್ಲಾವಿಯ — ಈ ಮೂವರು ಒಡೆಯದೆ ಎರಡು ಘಟಕಗಳ ಒಂದೇ ಒಕ್ಕೂಟ ಮಾಡಿರೆಂದರು. ವರದಿ ಮುಗಿಯುವ ಹೊತ್ತಿಗೆ ನಮ್ಮ ನಾಡೇ ಒಡೆದು ಪಂಜಾಬು ಉರಿಯುತ್ತಿತ್ತು. ನವೆಂಬರ್ 29ರಂದು ಮತ ಬಿದ್ದವು: ವಿಭಜನೆಗೆ 33, ವಿರೋಧ 13, ತಟಸ್ಥ 10. ಭಾರತ ವಿರೋಧಿಸಿದ ಹದಿಮೂರರಲ್ಲಿ ಒಂದು. ಜನಸಂಖ್ಯೆಯ ಮೂರನೆಯ ಒಂದು ಪಾಲಿನವರ ರಾಜ್ಯಕ್ಕೆ ನೆಲದ ಅರ್ಧಕ್ಕಿಂತ ಹೆಚ್ಚು ಪಾಲು ಗೊತ್ತಾಯಿತು. ಯೆಹೂದ್ಯರ ಮುಖಂಡರು ಒಪ್ಪಿದರು, ಅರಬರು ಒಪ್ಪಲಿಲ್ಲ. ಯುದ್ಧ ಹತ್ತಿತು.

ನಮ್ಮ ಹೈಫಾ ಇಲ್ಲಿ ಮತ್ತೆ ಬರುತ್ತದೆ. 1948ರ ಏಪ್ರಿಲ್ 21, 22ರಂದು ಯೆಹೂದ್ಯರ ಹಗಾನಾ ಪಡೆ ಆ ಊರನ್ನು ಹಿಡಿಯಿತು. ಸುಮಾರು ಎಪ್ಪತ್ತು ಸಾವಿರ ಅರಬರಿದ್ದ ಊರಿನಲ್ಲಿ ಕೆಲವು ಸಾವಿರ ಜನ ಮಾತ್ರ ಉಳಿದರು. ಒಂದು ಬದಿಯ ಕಥೆ ಹೀಗೆ: ಊರಿನ ಯೆಹೂದಿ ಮೇಯರ್ ಶಬ್ತಾಯ್ ಲೇವಿ ಕಣ್ಣೀರು ತುಂಬಿ, ಹೋಗಬೇಡಿರೆಂದು ಅರಬರನ್ನು ಬೇಡಿಕೊಂಡನು, ಅರಬ ಮುಖಂಡರು ಹೋಗುವುದನ್ನೇ ಆರಿಸಿಕೊಂಡರು. ಇನ್ನೊಂದು ಬದಿಯ ಕಥೆ ಹೀಗೆ: ಮಾರುಕಟ್ಟೆಯಲ್ಲಿ ಕೂಡಿದ ಜನರ ಮೇಲೆ ಹಗಾನಾದ ಗುಂಡುಗಳು ಬಿದ್ದವು, ಎರಡು ವಾರದ ಹಿಂದೆ, ಏಪ್ರಿಲ್ 9ರಂದು, ದೇರ್ ಯಾಸೀನ್ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಅರಬರ ಕೊಲೆಯಾದ ಸುದ್ದಿ ಎಲ್ಲರ ಎದೆಯಲ್ಲಿತ್ತು, ಜನ ದೋಣಿ ಹತ್ತಿ ಓಡಿದರು. ಆ ಮಧ್ಯೆ ಏಪ್ರಿಲ್ 13ರಂದು ಹಡಾಸಾ ಆಸ್ಪತ್ರೆಗೆ ಹೊರಟ ವಾಹನಗಳ ಮೇಲೆ ಅರಬರು ದಾಳಿ ಮಾಡಿ 78 ಜನರನ್ನು ಕೊಂದಿದ್ದರು. ಇವುಗಳಲ್ಲಿ ಯಾವುದೂ ಕಟ್ಟುಕಥೆಯಲ್ಲ. ಮೇಯರನೂ ಬೇಡಿಕೊಂಡನು, ಗುಂಡುಗಳೂ ಬಿದ್ದವು. ಒಂದನ್ನು ಮಾತ್ರ ಹೇಳುವವನು ಸುಳ್ಳು ಹೇಳಿದಂತಾಗದಿರಬಹುದು. ಇತಿಹಾಸ ಹೇಳಿದಂತಂತೂ ಆಗದು.

ಮೇ 14ರಂದು ಇಸ್ರೇಲ್ ರಾಜ್ಯ ಘೋಷಣೆಯಾಯಿತು. ಮರುದಿನ ಸುತ್ತಲಿನ ಅರಬ ರಾಜ್ಯಗಳ ಸೈನ್ಯಗಳು ನುಗ್ಗಿದವು. 1949ರ ಕದನವಿರಾಮದ ಹೊತ್ತಿಗೆ ಹಳೆಯ ಪ್ಯಾಲೆಸ್ಟೈನಿನ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ನೆಲ ಇಸ್ರೇಲಿನ ಕೈಯಲ್ಲಿತ್ತು. ಏಳು ಲಕ್ಷಕ್ಕೂ ಮಿಕ್ಕಿ ಪ್ಯಾಲೆಸ್ಟೈನಿನವರು ಮನೆ ಕಳೆದುಕೊಂಡರು. ಮುಂದಿನ ದಶಕಗಳಲ್ಲಿ ಅರಬ ದೇಶಗಳಿಂದ ಲಕ್ಷಾಂತರ ಯೆಹೂದ್ಯರೂ ಮನೆ ಕಳೆದುಕೊಂಡು ಇಸ್ರೇಲ್ ಸೇರಿದರು. ಅದೇ ವರ್ಷವನ್ನು ಒಬ್ಬರು ಸ್ವಾತಂತ್ರ್ಯವೆನ್ನುತ್ತಾರೆ. ಇನ್ನೊಬ್ಬರು ನಕ್ಬಾ, ಎಂದರೆ ಮಹಾ ಅನಾಹುತ, ಎನ್ನುತ್ತಾರೆ. ಮೂರು ಪಾಲಿನ ಪುಟದಲ್ಲಿ ಈ ಎರಡು ಮಾತುಗಳನ್ನು ಎದುರುಬದುರು ಬರೆದಾಗ ತರಗತಿಯಲ್ಲಿ ಯಾರೂ ನಗಲಿಲ್ಲ.

ಮುಂದಿನದನ್ನು ದಿನಾಂಕಗಳಲ್ಲಿ ಹೇಳಿದೆ. 1967ರ ಜೂನಿನ ಆರು ದಿನಗಳ ಯುದ್ಧ. ಪಶ್ಚಿಮ ದಂಡೆ, ಗಾಜಾ, ಪೂರ್ವ ಜೆರೂಸಲೆಮ್ ಇಸ್ರೇಲಿನ ವಶ. ಅಲ್ಲಿ ಅದರ ವಸಾಹತುಗಳ ಬೆಳವಣಿಗೆ. 1987ರ ಬಂಡಾಯ. 1993ರ ಸೆಪ್ಟೆಂಬರ್ 13ರಂದು ರಾಬಿನ್ ಮತ್ತು ಅರಾಫತ್ ಕೈ ಕುಲುಕಿದ್ದು. 1995ರಲ್ಲಿ ರಾಬಿನ್ನನನ್ನು ಕೊಂದವನು ಯೆಹೂದಿಯೇ ಎಂಬುದನ್ನು ಕೇಳಿ ಹುಡುಗರು ಗಾಂಧೀಜಿಯನ್ನು ನೆನೆದರು, ನಾನು ಹೇಳಿಕೊಡಲಿಲ್ಲ. 2000ದ ಎರಡನೆಯ ಬಂಡಾಯ. 2007ರಿಂದ ಗಾಜಾದಲ್ಲಿ ಹಮಾಸ್ ಆಳಿಕೆ, ಸುತ್ತ ಇಸ್ರೇಲಿನ ಮುತ್ತಿಗೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನರ ಸಾವು, ಸುಮಾರು 250 ಜನರ ಅಪಹರಣ. ಪಾಠ ನಡೆದಾಗ ಗಾಜಾದ ಯುದ್ಧ ಎರಡನೆಯ ತಿಂಗಳಲ್ಲಿತ್ತು. 2025ರ ಅಕ್ಟೋಬರಿನಲ್ಲಿ ಕದನವಿರಾಮವಾಗುವ ಹೊತ್ತಿಗೆ ಗಾಜಾದಲ್ಲಿ ಸತ್ತವರು, ಅಲ್ಲಿಯ ಆರೋಗ್ಯ ಇಲಾಖೆಯ ಲೆಕ್ಕದಂತೆ, ಅರವತ್ತು ಸಾವಿರವನ್ನು ಮೀರಿದ್ದರು. ಅವರಲ್ಲಿ ಮಕ್ಕಳು ಸಾವಿರಾರು.

ಎರಡು ಕಥೆಗಳನ್ನು ಕಲಿಸಿದರೆ ಹುಡುಗರಿಗೆ ಸರಿ ತಪ್ಪಿನ ತಾರತಮ್ಯವೇ ಹೋದೀತೆಂದು ಕೆಲವರು ಅಂಜುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಸತ್ತವರ ಸಂಖ್ಯೆ ಎರಡು ಪಾಲಿಗೂ ಒಂದೇ. ನಿರಾಯುಧರನ್ನು ಕೊಲ್ಲುವುದು ಯಾವ ಪಾಲಿನಲ್ಲಿ ಬರೆದರೂ ಅಪರಾಧವೇ; ಒಂದು ಅಪರಾಧ ಇನ್ನೊಂದನ್ನು ತೊಳೆಯುವುದಿಲ್ಲ. ಆಕ್ರಮಿತ ನೆಲ ಯಾವ ಪಾಲಿನಲ್ಲಿಯೂ ಖಾಲಿ ನೆಲವಾಗುವುದಿಲ್ಲ. ಮಹಾತ್ಮರೊಡನೆಯೂ ಗೌರವದಿಂದ ಭಿನ್ನಾಭಿಪ್ರಾಯ ತಾಳಬಹುದು. 1938ರ ನವೆಂಬರಿನ ‘ಹರಿಜನ’ದಲ್ಲಿ ಗಾಂಧೀಜಿ ಯೆಹೂದ್ಯರ ಸಂಕಟಕ್ಕೆ ಮರುಗಿ, ಆದರೂ ಅರಬರ ಮೇಲೆ ಅವರನ್ನು ಹೇರುವುದು ತಪ್ಪೆಂದು ಬರೆದರು; ಜರ್ಮನಿಯಲ್ಲಿ ಸತ್ಯಾಗ್ರಹ ಹೂಡಿರೆಂದು ಸಲಹೆಯಿತ್ತರು. ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಜೆರೂಸಲೆಮ್ ಸೇರಿದ್ದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ 1939ರಲ್ಲಿ ಅವರಿಗೆ ದೀರ್ಘವಾದ ಉತ್ತರ ಬರೆದರು. ಆ ಸಲಹೆ ಅಲ್ಲಿ ಏಕೆ ನಡೆಯದೆಂದೂ, ಅರಬರೊಡನೆ ಕೂಡಿ ಬಾಳುವ ತಮ್ಮ ಹಂಬಲವೇನೆಂದೂ ತಿಳಿಸಿದರು. ಇಬ್ಬರನ್ನೂ ಓದಿದ ಹುಡುಗ ಯಾರನ್ನೂ ದ್ವೇಷಿಸಲಾರ.

ಇರಲಿ. ಮೊದಲಿನ ಪ್ರಶ್ನೆಗೆ ಬಂದೆವು. “ನಾವು ಯಾರ ಕಡೆ?” ನಮ್ಮ ಸರ್ಕಾರದ ಉತ್ತರಗಳೇ ಒಂದು ಇತಿಹಾಸ. 1947ರಲ್ಲಿ ವಿಭಜನೆಗೆ ವಿರೋಧ. 1950ರ ಸೆಪ್ಟೆಂಬರಿನಲ್ಲಿ ಇಸ್ರೇಲಿಗೆ ಮನ್ನಣೆ. 1974ರಲ್ಲಿ ಪ್ಯಾಲೆಸ್ಟೈನ್ ವಿಮೋಚನಾ ಸಂಘಕ್ಕೆ ಮನ್ನಣೆ. 1988ರಲ್ಲಿ ಪ್ಯಾಲೆಸ್ಟೈನ್ ರಾಜ್ಯಕ್ಕೆ ಮನ್ನಣೆ. 1992ರ ಜನವರಿಯಲ್ಲಿ ಇಸ್ರೇಲಿನೊಡನೆ ಪೂರ್ಣ ರಾಯಭಾರ ಸಂಬಂಧ. ಸರ್ಕಾರಗಳಿಗೆ ಕಾಲಕ್ಕೆ ತಕ್ಕ ಹಿತಗಳಿರುತ್ತವೆ. ಹದಿನೈದು ವರ್ಷದ ಹುಡುಗನಿಗೆ ಇರಬೇಕಾದದ್ದು ಪಕ್ಷವಲ್ಲ, ಕೇಳುವ ಶಕ್ತಿ. ಅದು ಬೆಳೆದ ಮೇಲೆ ಅವನು ಒಂದು ಪಕ್ಷವನ್ನು ಹಿಡಿದರೂ ಅದು ಅವನದೇ ಆಗಿರುತ್ತದೆ, ಬೇರೆಯವರು ಕೈಯಲ್ಲಿಟ್ಟದ್ದಾಗಿರುವುದಿಲ್ಲ.

ಸಂಜೆ ಗಾಡಿಯ ವೇಳೆಗೆ ಮಾಸ್ತರರು ಕೆಲವು ನೋಟುಪುಸ್ತಕಗಳನ್ನು ತೋರಿಸಿದರು. ಹಲವರ ನಡುವಿನ ಪಾಲು ಖಾಲಿಯಾಗಿಯೇ ಇತ್ತು. ಅದಕ್ಕೆ ನಾನು ಬೇಸರಪಡಲಿಲ್ಲ. ಮೊದಲನೆಯ ದಿನ ಪ್ರಶ್ನೆ ಕೇಳಿ ಕೋಲಾಹಲ ಎಬ್ಬಿಸಿದ ಹುಡುಗನ ಪುಸ್ತಕವನ್ನೂ ನೋಡಿದೆ. ಹೈಫಾದ ಪುಟದಲ್ಲಿ ಅವನು ನಡುವೆ ಒಂದೇ ಸಾಲು ಬರೆದಿದ್ದ: “ಮೇಯರ್ ಬೇಡಿಕೊಳ್ಳುವಾಗ ಗುಂಡು ಹಾರಿಸುವುದನ್ನು ಯಾರು ನಿಲ್ಲಿಸಬಹುದಾಗಿತ್ತು?” ಇತಿಹಾಸಕಾರರು ಇಂದಿಗೂ ಚರ್ಚಿಸುವ ಪ್ರಶ್ನೆ ಅದು. ಎರಡನೆಯ ಸಾಲಿನ ಆ ಬೆಂಚಿನ ಸಂಗತಿ ಏನಾಯಿತೆಂದು ಕೇಳಿದೆ. “ಯಾರೂ ಎದ್ದು ಹೋಗಿಲ್ರಿ, ಸರ” ಎಂದರು ಮಾಸ್ತರರು. ಅಷ್ಟರಲ್ಲಿ ಗಾಡಿ ಬಂತು.